ಕ್ಯಾಂಟರ್ಬರಿಯ ಗದ್ದುಗೆ

ನಮ್ಮ ಕಾಲೇಜುಗಳಲ್ಲಿ ಇಂಗ್ಲಿಷ್ ಸಾಹಿತ್ಯವನ್ನು ಅಭ್ಯಸಿಸಿದವರಿಗೆಲ್ಲ ಕ್ಯಾಂಟರ್ಬರಿ ಎಂಬ ಊರಿನ ಹೆಸರು ಮುಖ್ಯವಾಗಿ ಎರಡು ಕೃತಿಗಳಿಂದ ಪರಿಚಿತವಾಗಿದೆ. ಒಂದು, 14ನೆಯ ಶತಮಾನದ ಕೊನೆಯಲ್ಲಿ ಜೆಫ್ರಿ ಚಾಸರನು ರಚಿಸಿದ ಕಥಾಕಾವ್ಯ. ಇನ್ನೊಂದು, 1935ರಲ್ಲಿ ಅದೇ ಊರಿನ ಉತ್ಸವಕ್ಕೆಂದು ಟಿ. ಎಸ್. ಎಲಿಯಟ್ ಬರೆದುಕೊಟ್ಟ ‘ಮರ್ಡರ್ ಇನ್ ದಿ ಕಥೀಡ್ರಲ್’ ಎಂಬ ಪದ್ಯನಾಟಕ. ಎರಡಕ್ಕೂ ಕೇಂದ್ರವಾಗಿರುವುದು ಒಂದೇ ಕಟ್ಟಡ. ಆ ಕಟ್ಟಡವೆಂದರೆ ಏನು, ಅಲ್ಲಿಗೆ ಜನರು ಏತಕ್ಕಾಗಿ ಹೋಗುತ್ತಿದ್ದರು, ಹೋದವರು ಏನನ್ನು ಕಂಡು ಹಿಂದಿರುಗುತ್ತಿದ್ದರು ಎಂದು ವಿದ್ಯಾರ್ಥಿಗಳು ಕೇಳಿದರೆ ಸಾಮಾನ್ಯವಾಗಿ ದೊರೆಯುವ ಉತ್ತರ ಒಂದು ಮಾತಿನದು: ಕಥೀಡ್ರಲ್ ಎಂದರೆ ದೊಡ್ಡ ದೇವಸ್ಥಾನ. ಈ ಒಂದು ಮಾತಿನಿಂದ ಆ ಎರಡು ಕೃತಿಗಳ ಅರ್ಥಕ್ಕೆ ಎಷ್ಟು ಹಾನಿಯಾಗಿದೆಯೆಂಬುದನ್ನೂ, ನಮ್ಮ ಭಾಷೆಯಲ್ಲಿಯೇ ಅದಕ್ಕಿಂತ ಮಿಗಿಲಾಗಿ ಹೊಂದುವ ಮಾತು ಇದೆಯೆಂಬುದನ್ನೂ ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ.

ದೇವಸ್ಥಾನವೆಂದೊಡನೆ ಕನ್ನಡಿಗನ ಮನಸ್ಸಿನಲ್ಲಿ ಮೂಡುವುದು ಗರ್ಭಗೃಹ, ಸುಕನಾಸಿ, ನವರಂಗಗಳ ಚಿತ್ರ; ಒಳಗೆ ಪ್ರತಿಷ್ಠಿತವಾದ ಮೂರ್ತಿ; ಹೊರಗೆ ಮಡಿಮೈಲಿಗೆಗಳ ಕಟ್ಟು. ಈ ಚಿತ್ರವನ್ನು ಹೊತ್ತು ಕ್ಯಾಂಟರ್ಬರಿಯ ಬಾಗಿಲನ್ನು ದಾಟಿದವನಿಗೆ ಮೊದಲ ಹೆಜ್ಜೆಯಲ್ಲಿಯೇ ದಿಗ್ಭ್ರಮೆಯಾಗುತ್ತದೆ. ಕಾಲ ಕೆಳಗಿನ ಚಪ್ಪಡಿಗಳಲ್ಲಿ ಎಷ್ಟೋ ಗೋರಿಗಲ್ಲುಗಳೇ. ಗೋಡೆಗಳ ಪಕ್ಕದಲ್ಲಿ ರಾಜರು, ರಾಜಪುತ್ರರು, ಧರ್ಮಾಧ್ಯಕ್ಷರು ಕಲ್ಲಿನಲ್ಲಿಯೂ ಲೋಹದಲ್ಲಿಯೂ ಕೈಮುಗಿದು ಮಲಗಿದ್ದಾರೆ. 1376ರಲ್ಲಿ ತೀರಿಕೊಂಡ ‘ಕಪ್ಪು ರಾಜಕುಮಾರ’ ಎಡ್ವರ್ಡನೂ, 1413ರಲ್ಲಿ ತೀರಿಕೊಂಡ ನಾಲ್ಕನೆಯ ಹೆನ್ರಿಯೂ ಅತ್ಯಂತ ಪವಿತ್ರವೆನಿಸಿದ ಪೂರ್ವಭಾಗದಲ್ಲಿಯೇ ಹೂಳಲ್ಪಟ್ಟಿದ್ದಾರೆ. ಹೆಣವನ್ನು ಹೊತ್ತ ಬೀದಿಯಲ್ಲಿ ಗುಡಿಯ ಬಾಗಿಲನ್ನು ಮುಚ್ಚುವ ನಾಡಿನಿಂದ ಬಂದವನಿಗೆ ಇದು ಹೇಗೆ ದೇವಸ್ಥಾನವಾದೀತು? ‘ದೇವಸ್ಥಾನ’ವೆಂಬ ಮಾತನ್ನು ಹಿಡಿದವನು ಇಲ್ಲಿ ಎರಡರಲ್ಲಿ ಒಂದನ್ನು ಮಾಡುತ್ತಾನೆ: ಗೋರಿಗಳನ್ನು ಕಾಣದವನಂತೆ ಕಮಾನುಗಳ ಎತ್ತರವನ್ನು ಹೊಗಳಿ ಬರುತ್ತಾನೆ; ಇಲ್ಲವೆ ಇದೊಂದು ಸ್ಮಶಾನಕ್ಕೆ ಹೊದಿಸಿದ ಮಾಡು ಎಂದು ಮೂಗು ಮುರಿಯುತ್ತಾನೆ. ಪ್ರವಾಸದ ಬರೆಹಗಳಲ್ಲಿ ಈ ಎರಡು ಧಾಟಿಗಳೂ ಅಪರೂಪವಲ್ಲ.

ಶಬ್ದವನ್ನೇ ಮೊದಲು ನೋಡೋಣ. ಗ್ರೀಕಿನಿಂದ ಲ್ಯಾಟಿನ್ನಿಗೆ ಬಂದ ‘ಕಥೆದ್ರ’ ಎಂಬುದಕ್ಕೆ ಪೀಠ, ಆಸನ ಎಂದು ಅರ್ಥ. ಧರ್ಮಾಧ್ಯಕ್ಷನ ಪೀಠವು ಎಲ್ಲಿದೆಯೋ ಅದು ಕಥೀಡ್ರಲ್. ಗಾತ್ರಕ್ಕೂ ಈ ಹೆಸರಿಗೂ ಸಂಬಂಧವಿಲ್ಲ. ಇಂಗ್ಲೆಂಡಿನಲ್ಲಿ ಪೀಠವಿಲ್ಲದ ಭಾರಿ ಇಗರ್ಜಿಗಳುಂಟು. ಪೀಠವಿರುವ ಸಾಧಾರಣ ಕಟ್ಟಡಗಳೂ ಉಂಟು. ಕನ್ನಡದ ಕ್ಯಾಥೊಲಿಕ್ ಸಮಾಜದವರು ಇದಕ್ಕೆ ‘ಪ್ರಧಾನಾಲಯ’ ಎನ್ನುತ್ತಾರೆ. ನಮ್ಮ ರಾಯಚೂರು ಸೀಮೆಗೆ ಈ ಶಬ್ದಗಳೇನೂ ಪರಕೀಯವಲ್ಲ. ಮುದಗಲ್ಲಿನಲ್ಲಿ ಆದಿಲಶಾಹಿಗಳ ಕಾಲದಿಂದ ಕ್ರೈಸ್ತ ಒಕ್ಕಲು ನೆಲೆಸಿದೆ. ಬಲಿಪೀಠ, ಪರಮಪ್ರಸಾದ, ಜ್ಞಾನಸ್ನಾನ, ಧರ್ಮಪ್ರಾಂತ್ಯ ಮುಂತಾಗಿ ಕನ್ನಡ ಕ್ರೈಸ್ತರು ಬಳಕೆಯಿಂದ ಹದಮಾಡಿದ ಪರಿಭಾಷೆ ಕೈಗೆಟುಕುವಂತಿರುವಾಗ ಅದನ್ನು ಬಿಟ್ಟು, ವಿದ್ವಾಂಸರು ದೇವಾಲಯ ವಾಸ್ತುವಿನ ಶಬ್ದಗಳನ್ನು ಬಲವಂತವಾಗಿ ಅಂಟಿಸುವುದು ಸೋಜಿಗದ ಸಂಗತಿ. ‘ಪ್ರಧಾನಾಲಯ’ವೆಂಬುದು ಸ್ಥಾನಮಾನವನ್ನು ಸರಿಯಾಗಿ ಹೇಳುತ್ತದೆ, ಆದರೆ ಪೀಠವೆಂಬ ಮೂಲಾರ್ಥ ಅದರಲ್ಲಿ ಇಲ್ಲ.

ಕ್ಯಾಂಟರ್ಬರಿಯಲ್ಲಿ ಮತ್ತೊಂದು ವಿಶೇಷವಿದೆ. 597ರಲ್ಲಿ ರೋಮಿನಿಂದ ಬಂದ ಅಗಸ್ಟೀನನು ಸ್ಥಾಪಿಸಿದ ಈ ಪೀಠದ ಜೊತೆಯಲ್ಲಿ ಬೆನೆಡಿಕ್ಟೀನ್ ಪಂಥದ ಮಠವೂ ಬೆಳೆಯಿತು. 1540ರವರೆಗೆ ಅಲ್ಲಿ ಹಾಡಿ ಪ್ರಾರ್ಥಿಸುತ್ತಿದ್ದವರು ಸನ್ಯಾಸಿಗಳು. ಆದುದರಿಂದ ಅದು ಪೀಠವೂ ಹೌದು, ಮಠವೂ ಹೌದು. 1170ನೆಯ ಡಿಸೆಂಬರ್ 29ರಂದು ಅಲ್ಲಿಯ ಪೀಠಾಧಿಪತಿ ಥಾಮಸ್ ಬೆಕೆಟ್ಟನನ್ನು ಎರಡನೆಯ ಹೆನ್ರಿಯ ನಾಲ್ವರು ಸರದಾರರು ಆ ಕಟ್ಟಡದೊಳಗೇ ಕಡಿದುಹಾಕಿದ ಮೇಲೆ ಅದು ಮೂರನೆಯದೂ ಆಯಿತು. ಒಬ್ಬ ಸಂತನ ಸಮಾಧಿಯಾಯಿತು. 1173ರಲ್ಲಿ ಪೋಪನು ಬೆಕೆಟ್ಟನನ್ನು ಸಂತನೆಂದು ಘೋಷಿಸಿದನು. 1174ರಲ್ಲಿ ಅರಸನೇ ಬರಿಗಾಲಿನಲ್ಲಿ ಬಂದು ಸಮಾಧಿಯ ಮುಂದೆ ಸನ್ಯಾಸಿಗಳ ಕೈಯಿಂದ ಹೊಡೆತ ತಿಂದು ಪ್ರಾಯಶ್ಚಿತ್ತ ಮಾಡಿಕೊಂಡನು. ಅದೇ ವರ್ಷ ಬೆಂಕಿ ಬಿದ್ದು ಪೂರ್ವಭಾಗ ಸುಟ್ಟುಹೋಗಲು, ಫ್ರಾನ್ಸಿನ ಸ್ಥಪತಿ ಸಾನ್ಸಿನ ವಿಲಿಯಮನು ಅದನ್ನು ಹೊಸ ಶೈಲಿಯಲ್ಲಿ ಎತ್ತಲಾರಂಭಿಸಿದನು. ಅವನು ಸಾರುವೆಯಿಂದ ಬಿದ್ದು ಅಶಕ್ತನಾಗಲು ಇನ್ನೊಬ್ಬ ವಿಲಿಯಮ್, ಇಂಗ್ಲಿಷಿನವನು, ಅದನ್ನು ಮುಗಿಸಿದನು. 1220ರ ಜುಲೈ 7ರಂದು ಬೆಕೆಟ್ಟನ ಅಸ್ಥಿಗಳನ್ನು ನೆಲಮಾಳಿಗೆಯಿಂದ ಎತ್ತಿ, ಮೇಲಿನ ತ್ರಿನಿಟಿ ಮಂದಿರದಲ್ಲಿ ಚಿನ್ನದ ತಗಡು ಹೊದಿಸಿದ ಪೆಟ್ಟಿಗೆಯಲ್ಲಿ ಇರಿಸಲಾಯಿತು.

ಪೀಠ, ಮಠ, ಸಮಾಧಿ: ಈ ಮೂರನ್ನೂ ಒಂದೇ ಉಸಿರಿನಲ್ಲಿ ಹೇಳುವ ಕನ್ನಡದ ಮಾತು ಯಾವುದು? ಕವಿತಾಳದ ಯಾವ ಒಕ್ಕಲಿಗನನ್ನು ಕೇಳಿದರೂ ಹೇಳಿಯಾನು: ಗದ್ದುಗೆ. ಗುರು ಕುಳಿತ ಆಸನವೂ ಗದ್ದುಗೆ. ಅವನ ಅಧಿಕಾರಪರಂಪರೆಯೂ ಗದ್ದುಗೆ. ಅವನು ಲಿಂಗೈಕ್ಯನಾದ ಮೇಲೆ ಅವನನ್ನು ಇಟ್ಟ ಸಮಾಧಿಯೂ ಗದ್ದುಗೆ. ಕಲಬುರ್ಗಿಯ ಶರಣಬಸವೇಶ್ವರರ ಗುಡಿಗೆ ಜಾತ್ರೆಯಲ್ಲಿ ಹೋಗಿಬರುವ ನಮ್ಮ ಸೀಮೆಯ ಜನರಿಗೆ, ಶಿಖರವಿರುವ ಕಟ್ಟಡದ ಒಳಗೆ ಸಮಾಧಿಯಿರುವುದು, ಅದಕ್ಕೆ ಹಣೆಮುಟ್ಟಿಸುವುದು, ಹರಕೆ ಕಟ್ಟುವುದು ವಿಚಿತ್ರವಾಗಿ ತೋರುವುದಿಲ್ಲ. ತುಂಗಭದ್ರೆಯ ತೀರದ ಮಂತ್ರಾಲಯದಲ್ಲಿ 1671ರಲ್ಲಿ ರಾಘವೇಂದ್ರತೀರ್ಥರು ಪ್ರವೇಶಿಸಿದ ಬೃಂದಾವನವೂ ಅಂತಹುದೇ. ಅಲ್ಲಿಗೆ ಹೋದವರು ಬೃಂದಾವನದ ಮೃತ್ತಿಕೆಯನ್ನು ತಂದು ರೋಗಿಗಳಿಗೆ ಕೊಡುತ್ತಾರೆ. ಕ್ಯಾಂಟರ್ಬರಿಯ ಯಾತ್ರಿಕರು ಬೆಕೆಟ್ಟನ ರಕ್ತದ ಅಂಶವುಳ್ಳದ್ದೆಂದು ನಂಬಿದ ತೀರ್ಥವನ್ನು ಸೀಸದ ಚಿಕ್ಕ ಕುಪ್ಪಿಗಳಲ್ಲಿ ತುಂಬಿಕೊಂಡು, ಕೊರಳಿಗೆ ಕಟ್ಟಿಕೊಂಡು ಊರಿಗೆ ಒಯ್ಯುತ್ತಿದ್ದರು. ಕಲಬುರ್ಗಿಯಲ್ಲಿಯೇ 1422ರಲ್ಲಿ ದೇಹಬಿಟ್ಟ ಬಂದೇನವಾಜರ ದರ್ಗಾ ಇದೆ. ಉರುಸಿಗೆ ಎಲ್ಲ ಜಾತಿಯವರೂ ನಡೆಯುತ್ತಾರೆ. ಚಾಸರನ ಯಾತ್ರಿಕರು, ತಾವು ಬೇನೆಯಿಂದ ನರಳುತ್ತಿದ್ದಾಗ ಕೈಹಿಡಿದ ಸಂತನಿಗೆ ಕೃತಜ್ಞತೆ ಸಲ್ಲಿಸಲು ಹೊರಟವರೆಂದು ಕವಿಯು ಮೊದಲಲ್ಲಿಯೇ ಹೇಳುತ್ತಾನೆ. ಮಾನ್ವಿ, ದೇವದುರ್ಗ, ಕವಿತಾಳಗಳ ವಿದ್ಯಾರ್ಥಿಗೆ ಇದನ್ನು ವಿವರಿಸಲು ಬೇಲೂರನ್ನಾಗಲಿ ಪಟ್ಟದಕಲ್ಲನ್ನಾಗಲಿ ಕರೆತರಬೇಕಾದುದಿಲ್ಲ. ಅವನ ತಾಯಿ ಕಟ್ಟಿಕೊಂಡ ಹರಕೆಯೇ ಸಾಕು.

ಗದ್ದುಗೆಯೆಂಬುದು ಒಂದು ಮತಕ್ಕೆ ಸೇರಿದ ಮಾತಲ್ಲವೆ, ಇನ್ನೊಂದು ಮತದ ಪವಿತ್ರಸ್ಥಾನಕ್ಕೆ ಅದನ್ನು ಹೇಗೆ ಹೇಳುವುದು ಎಂದು ಆಕ್ಷೇಪಿಸಬಹುದು. ಸಿಂಹಾಸನಕ್ಕೂ ಗದ್ದುಗೆಯೆನ್ನುವ ನಮ್ಮ ಭಾಷೆಯಲ್ಲಿ ಆ ಶಬ್ದದ ವ್ಯಾಪ್ತಿ ಅಷ್ಟು ಕಿರಿದಲ್ಲ. ಬೃಂದಾವನವಾದರೋ ಯತಿಗಳಿಗೆ ಮಾತ್ರ ಸಲ್ಲುವುದು, ದರ್ಗಾ ಎಂಬುದರಲ್ಲಿ ಪೀಠಾಧಿಕಾರದ ಅರ್ಥ ಪ್ರಧಾನವಲ್ಲ. ಮೂರರಲ್ಲಿ ಗದ್ದುಗೆಯೇ ಮೇಲೆಂದು ನಮ್ಮ ಮತ.

ಇನ್ನು ಚಾಸರನ ಕಾವ್ಯಕ್ಕೆ ಬರೋಣ. ಲಂಡನ್ನಿನ ದಕ್ಷಿಣದ ದಡದಲ್ಲಿ, ಸದರ್ಕಿನ ಟ್ಯಾಬರ್ಡ್ ಎಂಬ ಛತ್ರದಲ್ಲಿ 29 ಮಂದಿ ಯಾತ್ರಿಕರು ಕೂಡುತ್ತಾರೆ. ಛತ್ರದ ಯಜಮಾನನು ತಾನೂ ಜೊತೆಗೂಡಿ, ಹೋಗುವಾಗ ಎರಡು ಬರುವಾಗ ಎರಡು ಕಥೆಗಳನ್ನು ಪ್ರತಿಯೊಬ್ಬರೂ ಹೇಳತಕ್ಕದ್ದೆಂದು ಕಟ್ಟುಮಾಡುತ್ತಾನೆ. ಆದರೆ ನಮಗೆ ದೊರೆತಿರುವುವು 24 ಕಥೆಗಳು ಮಾತ್ರ, ಅವುಗಳಲ್ಲಿಯೂ ಕೆಲವು ಅರ್ಧಕ್ಕೆ ನಿಂತಿವೆ. ಯಾತ್ರಿಕರು ಕ್ಯಾಂಟರ್ಬರಿಯನ್ನು ಮುಟ್ಟುವುದೇ ಇಲ್ಲ. ಇಂಗ್ಲೆಂಡಿನ ಅತಿ ಪ್ರಸಿದ್ಧವಾದ ಯಾತ್ರೆಯ ಕಾವ್ಯದಲ್ಲಿ ಯಾತ್ರಾಸ್ಥಳದ ವರ್ಣನೆಯೇ ಇಲ್ಲ!

ಕವಿ 1400ರಲ್ಲಿ ತೀರಿಕೊಂಡದ್ದರಿಂದ ಕಾವ್ಯ ಅಪೂರ್ಣವಾಯಿತೆಂಬುದು ಪಠ್ಯಪುಸ್ತಕಗಳ ಸಮಾಧಾನ. ಅಪೂರ್ಣವೆಂಬುದು ನಿಜ. ಆದರೆ ಚಾಸರನಿಗೆ ಆ ಕಟ್ಟಡ ತಿಳಿಯದಿತ್ತೆಂದಾಗಲಿ ವರ್ಣನಾಸಾಮರ್ಥ್ಯ ಸಾಲದಾಗಿತ್ತೆಂದಾಗಲಿ ಯಾರೂ ಹೇಳಲಾರರು. 1386ರಲ್ಲಿ ಅವನು ಕೆಂಟ್ ಪ್ರಾಂತದ ಪ್ರತಿನಿಧಿಯಾಗಿ ಪಾರ್ಲಿಮೆಂಟಿನಲ್ಲಿ ಕುಳಿತವನು. ಕ್ಯಾಂಟರ್ಬರಿ ಇರುವುದು ಆ ಪ್ರಾಂತದಲ್ಲಿಯೇ. 1389ರಿಂದ 1391ರವರೆಗೆ ಅರಸನ ಕಟ್ಟಡಗಳ ಮೇಲ್ವಿಚಾರಕನಾಗಿದ್ದನು. ಆಗ ಅರಸನ ಮುಖ್ಯ ಶಿಲ್ಪಿಯಾಗಿದ್ದ ಹೆನ್ರಿ ಯೆವೆಲೆಯೇ ಕ್ಯಾಂಟರ್ಬರಿಯ ಪಶ್ಚಿಮಭಾಗದ ಹೊಸ ಮಂಟಪಕ್ಕೂ ಸ್ಥಪತಿಯೆಂದು ಹೆಸರಾದವನು. ಹಳೆಯ ಮಂಟಪವನ್ನು 1377ರಲ್ಲಿ ಕೆಡವಿದರು. ಹೊಸದು ಮುಗಿದದ್ದು 1400 ಕಳೆದ ಮೇಲೆ. ಎಂದರೆ, ಚಾಸರನ ಯಾತ್ರಿಕರು ಬಂದು ತಲುಪಿದ್ದರೆ ಅವರನ್ನು ಎದುರುಗೊಳ್ಳುತ್ತಿದ್ದದ್ದು ಸಾರುವೆ, ಸುಣ್ಣದ ರಾಶಿ, ಉಳಿಯ ಸದ್ದು. ಇಂದಿನ ಪ್ರವಾಸಿಗಳು ಆ ಮಂಟಪದಲ್ಲಿ ನಿಂತು, ಚಾಸರನ ಜನರು ಇಲ್ಲಿಯೇ ನಿಂತಿದ್ದರೆಂದು ಭಾವಪರವಶರಾಗುವುದುಂಟು. ಭಾವಕ್ಕೆ ಅಡ್ಡಿಯಿಲ್ಲ, ಆದರೆ ಅವರು ನೋಡುತ್ತಿರುವ ಕಂಬಗಳು ಕಾವ್ಯದ ಸಮವಯಸ್ಕವಾದವು, ಅದಕ್ಕಿಂತ ಹಿರಿಯವಲ್ಲ.

ನಮ್ಮ ದೃಷ್ಟಿಯಲ್ಲಿ, ತಲುಪದಿರುವುದು ಈ ಕಾವ್ಯದ ಕೊರತೆಯಲ್ಲ. ಕೊನೆಯ ಕಥೆಯನ್ನು ಹೇಳುವವನು ಹಳ್ಳಿಯ ಬಡ ಪಾದ್ರಿ. ಅವನು ಕಥೆಯನ್ನೇ ಹೇಳಲೊಲ್ಲದೆ, ಪಶ್ಚಾತ್ತಾಪವನ್ನು ಕುರಿತ ಗದ್ಯೋಪದೇಶವನ್ನು ಮಾಡುತ್ತಾನೆ. ತಾನು ತೋರಿಸಹೊರಟಿರುವುದು ಸ್ವರ್ಗದ ಜೆರೂಸಲೇಮಿಗೆ ಹೋಗುವ ದಾರಿಯೆಂದು ಮೊದಲೇ ಸೂಚಿಸುತ್ತಾನೆ. ಅಲ್ಲಿಂದ ಮುಂದೆ ಕ್ಯಾಂಟರ್ಬರಿಯ ಗೋಪುರವನ್ನು ತೋರಿಸಿದ್ದರೆ ಕಾವ್ಯ ಒಂದು ಮೆಟ್ಟಿಲು ಇಳಿಯುತ್ತಿತ್ತು. ದೇಹವನ್ನೇ ದೇಗುಲವೆಂದು ಕಂಡ ವಚನಕಾರರ ನಾಡಿನಲ್ಲಿ, ಸ್ಥಾವರಜಂಗಮಗಳ ಭೇದವನ್ನು ಚಿಕ್ಕಂದಿನಿಂದ ಕೇಳಿದ ವಾಚಕನಿಗೆ ಇದು ಬೇಗ ಅರ್ಥವಾಗುತ್ತದೆ. ಆದರೂ ಇಬ್ಬರನ್ನೂ ಒಂದೇ ಎಂದುಬಿಡುವುದು ದುಡುಕು. ಬಸವಣ್ಣನವರಿಗೆ ಸ್ಥಾವರವೇ ಪ್ರಶ್ನಾರ್ಹ; ಚಾಸರನಿಗೆ ಹಾಗಲ್ಲ. ಅವನು ಗದ್ದುಗೆಯನ್ನು ಅಲ್ಲಗಳೆಯುವುದಿಲ್ಲ, ಗದ್ದುಗೆಯ ದಾರಿಯಲ್ಲಿ ಮನುಷ್ಯರು ಹೇಗಿರುತ್ತಾರೆಂದು ನೋಡಿ ನಗುತ್ತಾನೆ. ಹಳಸಿದ ಎಲುಬುಗಳನ್ನು ಸಂತರ ಅವಶೇಷಗಳೆಂದು ಮಾರುವ ಮೋಸಗಾರನನ್ನೂ ಈ ಬಡ ಪಾದ್ರಿಯನ್ನೂ ಒಂದೇ ಗುಂಪಿನಲ್ಲಿ ನಡೆಸಿಕೊಂಡು ಹೋಗುವ ಔದಾರ್ಯ ಅವನದು.

ತಲುಪಿದ ಯಾತ್ರಿಕರ ಚಿತ್ರ ಬೇಕೆನ್ನುವವರಿಗೆ ಅದೂ ಇದೆ. 15ನೆಯ ಶತಮಾನದ ಅಜ್ಞಾತ ಕವಿಯೊಬ್ಬನು ‘ಬೆರಿನ್ನನ ಕಥೆ’ ಎಂಬ ಕಾವ್ಯಕ್ಕೆ ಪೀಠಿಕೆಯಾಗಿ, ಚಾಸರನ ಪಾತ್ರಗಳನ್ನೇ ತೆಗೆದುಕೊಂಡು ಅವರನ್ನು ಕ್ಯಾಂಟರ್ಬರಿಗೆ ಮುಟ್ಟಿಸಿದ್ದಾನೆ. ಕಾವ್ಯಗುಣದಲ್ಲಿ ಇವನು ಚಾಸರನ ಪಾದಧೂಳಿಗೂ ಸಮನಲ್ಲ. ಆದರೆ ಪ್ರಕೃತಕ್ಕೆ ಇದಕ್ಕಿಂತ ಉಪಯುಕ್ತವಾದ ಬರೆಹ ಮತ್ತೊಂದಿಲ್ಲ. ಬಾಗಿಲಲ್ಲಿ ತೀರ್ಥವನ್ನು ಪ್ರೋಕ್ಷಿಸುವ ನೆಪದಿಂದ ಭಿಕ್ಷುವು ಸನ್ಯಾಸಿನಿಯ ಮುಖವನ್ನು ನೋಡಲೆಳಸುತ್ತಾನೆ. ಗಿರಣಿಯವನೂ ಅವನ ಸಂಗಡಿಗರೂ ಕತ್ತೆತ್ತಿ ಬಣ್ಣದ ಗಾಜಿನ ಕಿಟಕಿಗಳನ್ನು ನೋಡುತ್ತ, ದೊಡ್ಡಮನೆಯವರಂತೆ ನಟಿಸಿ, ಆ ಚಿತ್ರದಲ್ಲಿರುವವನ ಕೈಯಲ್ಲಿರುವುದು ದೊಣ್ಣೆಯೋ ಕುಂಟೆಯ ಹಿಡಿಯೋ ಎಂದು ವಾದಿಸುತ್ತಾರೆ. ಛತ್ರದ ಯಜಮಾನನು ಗದರಿಸಿ, ಕಿಟಕಿಯನ್ನು ಅದರ ಪಾಡಿಗೆ ಬಿಟ್ಟು ಹೋಗಿ ಕಾಣಿಕೆ ಒಪ್ಪಿಸಿರೆಂದು ಕಳುಹಿಸುತ್ತಾನೆ. ಆಮೇಲೆ ಎಲ್ಲರೂ ಗದ್ದುಗೆಯ ಮುಂದೆ ಮೊಣಕಾಲೂರಿ, ಅವಶೇಷಗಳಿಗೆ ಮುತ್ತಿಟ್ಟು, ಹೊರಗೆ ಬಂದು ಯಾತ್ರೆಯ ಬಿಲ್ಲೆಗಳನ್ನು ಕೊಳ್ಳುತ್ತಾರೆ. ಗಿರಣಿಯವನು ಕೊಳ್ಳದೆಯೇ ಜೇಬು ತುಂಬಿಸಿಕೊಳ್ಳುತ್ತಾನೆ. ಪ್ರವಾಸಿಯೆಂಬ ಪ್ರಾಣಿ ರೈಲು ವಿಮಾನಗಳ ಕಾಲದಲ್ಲಿ ಹುಟ್ಟಿದವನೆಂದೂ ಹಿಂದೆ ಭಕ್ತರು ಮಾತ್ರ ಇದ್ದರೆಂದೂ ಶೋಕಿಸುವವರು ಈ ಪೀಠಿಕೆಯನ್ನು ಒಮ್ಮೆ ಓದಬೇಕು. ಅಲ್ಲಿ ಕಿಟಕಿಯನ್ನು ನೋಡಿ ತಪ್ಪಾಗಿ ಓದಿದವನೇ ಮರುಗಳಿಗೆಯಲ್ಲಿ ಮೊಣಕಾಲೂರುತ್ತಾನೆ. ಎರಡೂ ಒಬ್ಬನೇ.

ಆ ಗಾಜುಗಳಲ್ಲಿ ಕೆಲವು ಈಗಲೂ ಇವೆ. ತ್ರಿನಿಟಿ ಮಂದಿರದ ಸುತ್ತಲಿನ ಕಿಟಕಿಗಳಲ್ಲಿ ಬೆಕೆಟ್ಟನ ಪವಾಡಗಳು ಚಿತ್ರಿತವಾಗಿವೆ. ಅಲ್ಲಿ ಅರಸರಿಗಿಂತ ಹೆಚ್ಚಾಗಿ ಕಾಣುವವರು ಕುಷ್ಠರೋಗಿಗಳು, ಕುರುಡರು, ಮಕ್ಕಳನ್ನು ಕಳೆದುಕೊಂಡ ತಾಯಿತಂದೆಯರು. ಎರಡನೆಯ ಮಹಾಯುದ್ಧದಲ್ಲಿ ಹಳೆಯ ಗಾಜುಗಳನ್ನು ಮೊದಲೇ ಕಳಚಿ ಕಾಪಾಡಿದ್ದರು. 1942ರ ಜೂನ್ 1ರ ಬಾಂಬುದಾಳಿಯಲ್ಲಿ ಊರಿನ ಬಹುಭಾಗ ಉರಿದುಹೋಯಿತು. ಮಾಡಿನ ಮೇಲೆ ಬಿದ್ದ ಬೆಂಕಿಬಾಂಬುಗಳನ್ನು ಕಾವಲಿನವರು ಕೆಳಗೆ ತಳ್ಳಿ ಕಟ್ಟಡವನ್ನು ಉಳಿಸಿಕೊಂಡರು. ಗಾಜಿನ ಈ ಚಿತ್ರಗಳನ್ನು ಬರಿಯ ಅಲಂಕಾರವೆಂದು ತಿಳಿಯಬಾರದು. ನಮ್ಮಲ್ಲಿ ಗದ್ದುಗೆಯ ಮಹಿಮೆಯನ್ನು ಪುರಾಣ ಓದಿಸಿ ಕೇಳುವಂತೆ, ಓದುಬಾರದ ಯಾತ್ರಿಕರು ಅಲ್ಲಿ ಅದನ್ನು ಬೆಳಕಿನಲ್ಲಿ ನೋಡಿದರು.

1526ರಲ್ಲಿ ಪ್ರಕಟವಾದ ಸಂವಾದವೊಂದರಲ್ಲಿ ಡಚ್ ವಿದ್ವಾಂಸ ಎರಾಸ್ಮಸನು ಇದೇ ಗದ್ದುಗೆಯ ಸಂದರ್ಶನವನ್ನು ಬಣ್ಣಿಸಿದ್ದಾನೆ. ಮಠದ ಮುಖ್ಯಸ್ಥನು ಬಿಳಿಯ ಬೆತ್ತವೊಂದನ್ನು ಹಿಡಿದು, ಒಂದೊಂದು ರತ್ನವನ್ನೂ ಮುಟ್ಟಿ, ಅದರ ಹೆಸರೇನು, ಬೆಲೆಯೇನು, ಕೊಟ್ಟವರಾರು ಎಂದು ವಿವರಿಸುತ್ತಾನೆ. ಜೊತೆಗೆ ಬಂದಿದ್ದ ಮಿತ್ರನು (ಜಾನ್ ಕಾಲೆಟ್ಟನನ್ನು ಮರೆಹೆಸರಿನಿಂದ ಚಿತ್ರಿಸಿದ್ದಾನೆಂದು ವಿದ್ವಾಂಸರ ಅಭಿಪ್ರಾಯ) ಬದುಕಿದ್ದಾಗ ಬಡವರಿಗೆ ಅಷ್ಟು ಉದಾರಿಯಾಗಿದ್ದ ಸಂತನು, ಹಸಿದ ಮಕ್ಕಳ ತಾಯಿಯೊಬ್ಬಳು ಈ ರಾಶಿಯಲ್ಲಿ ಸ್ವಲ್ಪ ತೆಗೆದುಕೊಂಡರೆ ಬೇಡವೆನ್ನುವನೆ ಎಂದು ಕೇಳುತ್ತಾನೆ. ತೋರಿಸುತ್ತಿದ್ದವರ ಹುಬ್ಬು ಗಂಟಿಕ್ಕುತ್ತದೆ. ಈ ಪ್ರಶ್ನೆಯನ್ನು ಕಲ್ಯಾಣದ ಯಾವ ಶರಣನಾದರೂ ಕೇಳಬಹುದಾಗಿತ್ತು.

ಆದರೆ ಪ್ರಶ್ನೆಯನ್ನು ಕೇಳಿದವರು ಒಬ್ಬರು, ಉತ್ತರವನ್ನು ಕಾರ್ಯರೂಪಕ್ಕೆ ತಂದವರು ಬೇರೊಬ್ಬರು. 1538ರಲ್ಲಿ ಎಂಟನೆಯ ಹೆನ್ರಿ ಗದ್ದುಗೆಯನ್ನು ಕೀಳಿಸಿ, ಬಂಗಾರವನ್ನೂ ರತ್ನಗಳನ್ನೂ ಬಂಡಿಗಳಲ್ಲಿ ಲಂಡನ್ನಿನ ಬೊಕ್ಕಸಕ್ಕೆ ಸಾಗಿಸಿದನು. ಹಸಿದ ಮಕ್ಕಳ ತಾಯಿಗೆ ಅದರಲ್ಲಿ ಕಾಸೂ ದೊರೆಯಲಿಲ್ಲ. ಬೆಕೆಟ್ಟನ ಹೆಸರನ್ನು ಪ್ರಾರ್ಥನಾಗ್ರಂಥಗಳಿಂದ ಹೊಡೆದುಹಾಕಬೇಕೆಂದೂ ಆಜ್ಞೆಯಾಯಿತು. ಇದಾದ 27 ವರ್ಷಗಳ ಮೇಲೆ, 1565ರಲ್ಲಿ, ನಮ್ಮ ಹಂಪೆ ಹಾಳಾಯಿತು. ಹಂಪೆಯ ವಿಠ್ಠಲ ದೇವಾಲಯದಲ್ಲಿ ಕಲ್ಲಿನ ರಥ ಉಳಿದಿದೆ, ಸಂಗೀತದ ಕಂಬಗಳು ಉಳಿದಿವೆ, ಗರ್ಭಗೃಹ ಬರಿದು. ಅದೇ ಊರಿನಲ್ಲಿ ವಿರೂಪಾಕ್ಷನ ಪೂಜೆ ಇಂದಿಗೂ ನಡೆಯುತ್ತಿದೆ. ಕ್ಯಾಂಟರ್ಬರಿಯಲ್ಲಿ ಈ ಎರಡೂ ಒಂದೇ ಮಾಡಿನ ಕೆಳಗಿವೆ: ಪ್ರಾರ್ಥನೆ ನಿಂತಿಲ್ಲ, ಪೀಠವೂ ಬರಿದಾಗಿಲ್ಲ, ಪೂರ್ವದ ತುದಿಯಲ್ಲಿ ಗದ್ದುಗೆಯಿದ್ದ ನೆಲ ಮಾತ್ರ ಬಯಲಾಗಿದೆ. ಅಲ್ಲಿ ಒಂದು ಮೇಣದ ಬತ್ತಿಯನ್ನು ಉರಿಸುತ್ತಾರೆ. ಸುತ್ತಲಿನ ಕಲ್ಲುಹಾಸು ಯಾತ್ರಿಕರು ಮೊಣಕಾಲೂರಿ ಸವೆದು ತಗ್ಗಾಗಿದೆ. ಏರಿಬರುವ ಮೆಟ್ಟಿಲುಗಳು ನಡುವೆ ಹಳ್ಳಬಿದ್ದಿವೆ. ಸಾಹಿತ್ಯವನ್ನು ಬೋಧಿಸುವವನು ಕ್ಯಾಂಟರ್ಬರಿಯಲ್ಲಿ ನೋಡಬೇಕಾದ ಮುಖ್ಯ ವಸ್ತು ಯಾವುದೆಂದರೆ 235 ಅಡಿಯ ಗೋಪುರವನ್ನು ನಾವು ಹೇಳುವುದಿಲ್ಲ. ಈ ಮೆಟ್ಟಿಲುಗಳನ್ನು ಹೇಳುತ್ತೇವೆ. ಚಾಸರನು ಬರೆಯದೆ ಬಿಟ್ಟ ಪುಟಗಳು ಅಲ್ಲಿವೆ.

ಎಲಿಯಟ್ಟನ ನಾಟಕವನ್ನು ಈ ಬಯಲಾದ ನೆಲದಿಂದ ನೋಡಿದರೆ ಅದರ ರೂಪವೇ ಬೇರೆಯಾಗುತ್ತದೆ. 1935ರ ಜೂನ್‌ನಲ್ಲಿ ಅದರ ಮೊದಲ ಪ್ರಯೋಗ ನಡೆದದ್ದು ಕೊಲೆಯಾದ ಸ್ಥಳಕ್ಕೆ ಕೂಗಳತೆಯಲ್ಲಿರುವ ಮಠದ ಸಭಾಶಾಲೆಯಲ್ಲಿ. ಬೆಕೆಟ್ಟನ ಮುಂದೆ ನಾಲ್ವರು ಪ್ರಲೋಭಕರು ಬರುತ್ತಾರೆ. ಭೋಗ, ಮಂತ್ರಿಪದವಿ, ಸರದಾರರೊಡನೆ ಒಳಸಂಚು: ಮೊದಲ ಮೂವರು ಒಡ್ಡುವ ಆಸೆಗಳನ್ನು ಅವನು ಸುಲಭವಾಗಿ ತಳ್ಳುತ್ತಾನೆ. ನಾಲ್ಕನೆಯವನು ಒಡ್ಡುವುದು ಗದ್ದುಗೆಯನ್ನೇ. ನೀನು ಸತ್ತರೆ ಯಾತ್ರಿಕರು ಸಾಲುಗಟ್ಟಿ ಬರುವರು, ರತ್ನಗಳು ಹೊಳೆಯುವುವು, ಪವಾಡಗಳಾಗುವುವು ಎನ್ನುತ್ತಾನೆ. ಅಲ್ಲಿಗೇ ನಿಲ್ಲದೆ, ಮುಂದೊಂದು ದಿನ ಅದು ಕೊಳ್ಳೆಹೋಗುವುದನ್ನೂ, ಇನ್ನೂ ಮುಂದೆ ಇವನಲ್ಲಿ ವಿಶೇಷವೇನೂ ಇರಲಿಲ್ಲವೆಂದು ಜನ ಚರಿತ್ರೆ ಬರೆಯುವುದನ್ನೂ ಮುನ್ನುಡಿಯುತ್ತಾನೆ. 1170ರ ಪಾತ್ರದ ಬಾಯಲ್ಲಿ 1220, 1538, 1935 ಮೂರೂ ಬರುತ್ತವೆ. ಕೀರ್ತಿಗಾಗಿ ಹುತಾತ್ಮನಾಗುವುದು ಹುತಾತ್ಮತೆಯೆ? ನಾಟಕದ ತಿರುಳು ಇದು. ‘ದೇವಸ್ಥಾನದಲ್ಲಿ ಕೊಲೆ’ ಎಂದು ಶೀರ್ಷಿಕೆಯನ್ನು ತಿಳಿದುಕೊಂಡವನಿಗೆ ಕಾಣುವುದು ಪವಿತ್ರಸ್ಥಳದ ಅಪಚಾರ ಮಾತ್ರ. ಗದ್ದುಗೆಯೆಂದು ತಿಳಿದವನಿಗೆ, ಕೊಲೆಯೇ ಗದ್ದುಗೆಯ ಅಸ್ತಿಭಾರವೆಂಬ ಭಯಂಕರವಾದ ವ್ಯಂಗ್ಯವು ಹೊಳೆಯುತ್ತದೆ.

ಕೊಲೆಯಾದೊಡನೆ ಸರದಾರರು ಪ್ರೇಕ್ಷಕರ ಕಡೆಗೆ ತಿರುಗಿ, ಗದ್ಯದಲ್ಲಿ, ಸಭ್ಯ ರಾಜಕಾರಣಿಗಳಂತೆ ತಮ್ಮ ಕೃತ್ಯವನ್ನು ಸಮರ್ಥಿಸಿಕೊಳ್ಳುವ ಭಾಗವನ್ನು ವಿಮರ್ಶಕರು ಬಹಳ ಕೊಂಡಾಡಿದ್ದಾರೆ. ನಮಗೆ ಅದು ಅಷ್ಟು ದೊಡ್ಡ ಸಿದ್ಧಿಯೆಂದು ತೋರುವುದಿಲ್ಲ. ಚಮತ್ಕಾರ ಮೊದಲ ಓದಿಗೆ ಮುಗಿದುಹೋಗುತ್ತದೆ. ಉಳಿಯುವುದು ಕ್ಯಾಂಟರ್ಬರಿಯ ಬಡ ಹೆಂಗಸರ ಮೇಳ. ಆದರೆ ಅಲ್ಲಿಯೇ ಎಲಿಯಟ್ಟನ ಇತಿಮಿತಿಯೂ ಇದೆ. ಆ ಹೆಂಗಸರು ಹೆದರುತ್ತಾರೆ, ಕೊನೆಗೆ ಮಣಿಯುತ್ತಾರೆ, ಸ್ತುತಿಸುತ್ತಾರೆ. ಅವರಲ್ಲಿ ಒಬ್ಬಳಿಗೂ ಹೆಸರಿಲ್ಲ, ಬೇನೆಯಿಲ್ಲ, ಹರಕೆಯಿಲ್ಲ. ಚಾಸರನಲ್ಲಿಯೂ ಪವಾಡದ ಕಿಟಕಿಗಳಲ್ಲಿಯೂ ಎದ್ದು ಕಾಣುವ ಆ ಕೃತಜ್ಞತೆಯ ಬಿಸಿ ಈ ನಾಟಕದಲ್ಲಿ ಆರಿದೆ. ಸಂತನ ಅಂತರಂಗ ಎಲಿಯಟ್ಟನಿಗೆ ಗೊತ್ತು. ಸಂತನು ಜನಕ್ಕೆ ಏತಕ್ಕೆ ಬೇಕೆಂಬುದು ಅವನಿಗೆ ಅಷ್ಟಾಗಿ ಗೊತ್ತಿಲ್ಲ.

ಇಲ್ಲಿ ಕಾಲದ ಒಂದು ಸಾಮ್ಯವನ್ನು ಸೂಚಿಸದೆ ಇರಲಾಗುವುದಿಲ್ಲ. ಬೆಕೆಟ್ಟನು ಅರಸನ ಮಂತ್ರಿಯೂ ಆಪ್ತನೂ ಆಗಿದ್ದು, 1162ರಲ್ಲಿ ಪೀಠಾಧಿಪತಿಯಾದ ಮೇಲೆ ಅವನಿಗೆ ಎದುರು ನಿಂತನು. ಅದೇ ದಶಕದಲ್ಲಿ ಕಲ್ಯಾಣದಲ್ಲಿ ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನವರಿಗೂ ಅರಸನಿಗೂ ವಿರಸ ಬೆಳೆಯಿತು. ಅಲ್ಲಿ ವಿವಾದ ಬಂದದ್ದು ತಪ್ಪುಮಾಡಿದ ಪಾದ್ರಿಗಳನ್ನು ವಿಚಾರಿಸುವ ಅಧಿಕಾರ ಅರಸನದೋ ಇಗರ್ಜಿಯದೋ ಎಂದು. ಇಲ್ಲಿ, ಸಂಪ್ರದಾಯವು ಹೇಳುವಂತೆ, ಹರಳಯ್ಯ ಮಧುವರಸರ ಮಕ್ಕಳ ವರ್ಣಾಂತರ ವಿವಾಹದಿಂದ. ಅಲ್ಲಿ ಪೀಠಾಧಿಪತಿಯ ತಲೆ ಹೋಯಿತು. ಇಲ್ಲಿ ಹರಳಯ್ಯ ಮಧುವರಸರು ಎಳೆಹೂಟೆಯ ಶಿಕ್ಷೆಗೆ ಗುರಿಯಾದರು. ಬಳಿಕ, 1167–68ರ ಸುಮಾರಿಗೆ, ಅರಸನೂ ಹತನಾದನು. ಮೂರು ವರ್ಷಗಳೂ ಅಂತರವಿಲ್ಲ. ಗಿರೀಶ ಕಾರ್ನಾಡರ ‘ತಲೆದಂಡ’ 1990ರಲ್ಲಿ ಪ್ರಕಟವಾಯಿತು, ಪಿ. ಲಂಕೇಶರ ‘ಸಂಕ್ರಾಂತಿ’, ಎಚ್. ಎಸ್. ಶಿವಪ್ರಕಾಶರ ‘ಮಹಾಚೈತ್ರ’ ಇದೇ ವಸ್ತುವಿನ ಬೇರೆ ನಾಟಕಗಳು. ಇವುಗಳನ್ನು ಎಲಿಯಟ್ಟನ ಕೃತಿಯ ಪಕ್ಕದಲ್ಲಿಟ್ಟು ಪಾಠ ಹೇಳಿದರೆ ವಿದ್ಯಾರ್ಥಿಗಳಿಗೆ ಆಗುವ ಲಾಭ ಹತ್ತು ಟಿಪ್ಪಣಿಗಳಿಂದಲೂ ಆಗದು. ‘ತಲೆದಂಡ’ದಲ್ಲಿ ಎಲಿಯಟ್ಟನಲ್ಲಿ ಕಾಣದ ಗುಣವೊಂದಿದೆ: ಸಂತರ ಆದರ್ಶಕ್ಕೆ ಬೆಲೆ ತೆರುವವರು ಯಾರೆಂಬುದನ್ನು ಅದು ಮರೆಯುವುದಿಲ್ಲ.

ಸ್ಥಾವರವನ್ನು ಕುರಿತು ಎಚ್ಚರಿಸಿದ ಬಸವಣ್ಣನವರಿಗೂ ಕಾಲವು ಸ್ಥಾವರಗಳನ್ನು ಒದಗಿಸಿದೆ. ಕೂಡಲಸಂಗಮದಲ್ಲಿ ನಾರಾಯಣಪುರದ ಅಣೆಕಟ್ಟಿನ ಹಿನ್ನೀರು ಏರಿದಾಗ ಐಕ್ಯಮಂಟಪದ ಸುತ್ತ ಗೋಡೆಯೆಬ್ಬಿಸಿ ಅದನ್ನು ಉಳಿಸಿಕೊಂಡಿದ್ದಾರೆ. ಯಾತ್ರಿಕರು ಬಾವಿಗೆ ಇಳಿದಂತೆ ಮೆಟ್ಟಿಲಿಳಿದು ದರ್ಶನ ಪಡೆಯುತ್ತಾರೆ. ಕ್ಯಾಂಟರ್ಬರಿಯಲ್ಲಿ ಏರಿಹೋಗಿ ಬಯಲನ್ನು ಕಾಣಬೇಕು, ಇಲ್ಲಿ ಇಳಿದುಹೋಗಿ ಐಕ್ಯಸ್ಥಳವನ್ನು ಕಾಣಬೇಕು. 2015ರ ನವೆಂಬರ್ 14ರಂದು ಲಂಡನ್ನಿನ ಥೇಮ್ಸ್ ದಡದಲ್ಲಿ, ಲ್ಯಾಂಬೆತ್ತಿನಲ್ಲಿ, ಬಸವಣ್ಣನವರ ಪುತ್ಥಳಿಯ ಅನಾವರಣವಾಯಿತು. ಕ್ಯಾಂಟರ್ಬರಿಯ ಪೀಠಾಧಿಪತಿಗಳು ಲಂಡನ್ನಿನಲ್ಲಿ ವಾಸಮಾಡುವ ಅರಮನೆ ಇರುವುದೂ ಅದೇ ಲ್ಯಾಂಬೆತ್ತಿನಲ್ಲಿ, ಅದೇ ದಡದಲ್ಲಿ. ಇಂಗ್ಲೆಂಡಿನ ಕನ್ನಡಿಗರು ತಮ್ಮ ನೆಂಟರನ್ನು ಕರೆದುಕೊಂಡು ಹೋಗಿ ತೋರಿಸುವ ಸ್ಥಳಗಳಲ್ಲಿ ಈಗ ಈ ಪುತ್ಥಳಿಯೂ ಸೇರಿದೆ.

ಅನುವಾದಕರಿಗೆ ಒಂದೆರಡು ಮಾತು. ಪಶ್ಚಿಮದ ಉದ್ದನೆಯ ಭಾಗವನ್ನು ‘ನವರಂಗ’ವೆನ್ನುವುದಕ್ಕಿಂತ ‘ಜನಮಂಟಪ’ವೆನ್ನುವುದು ಲೇಸು, ಅದು ಸಾಮಾನ್ಯ ಜನರು ನಿಲ್ಲುತ್ತಿದ್ದ ಸ್ಥಳ. ಅದರಾಚೆಯ, ಸನ್ಯಾಸಿಗಳು ಕುಳಿತು ಸ್ತೋತ್ರಗಳನ್ನು ಹಾಡುತ್ತಿದ್ದ ಭಾಗಕ್ಕೆ ‘ಸ್ತೋತ್ರಶಾಲೆ’ಯೆನ್ನಬಹುದು, ‘ಸುಕನಾಸಿ’ ಸರ್ವಥಾ ಸಲ್ಲದು. ಬೆಕೆಟ್ಟನನ್ನು ಮೊದಲು ಹೂಳಿದ್ದ ಕೆಳಗಿನ ಅಂತಸ್ತಿಗೆ ‘ನೆಲಮಾಳಿಗೆ’ಯೆಂದರೆ ಕಾಳುಕಡಿ ತುಂಬಿಡುವ ಜಾಗದ ನೆನಪಾಗುತ್ತದೆ, ಮೇಲೆ ನಾವೂ ಬಳಕೆಗೆ ಮಣಿದು ಹಾಗೆಯೇ ಬರೆದಿದ್ದೇವೆ, ಆದರೆ ‘ನೆಲಗುಡಿ’ಯೆಂಬುದು ಮೇಲು. ಕಟ್ಟಡವೊಟ್ಟನ್ನು ‘ಪ್ರಧಾನಾಲಯ’ವೆಂದೂ, ಬೆಕೆಟ್ಟನ ಸಮಾಧಿಯನ್ನು ‘ಗದ್ದುಗೆ’ಯೆಂದೂ ಕರೆಯುವುದು ಉಚಿತ. ಪೀಠಾರೋಹಣ ನಡೆಯುವುದು ಅಗಸ್ಟೀನನ ಹೆಸರಿನ, 13ನೆಯ ಶತಮಾನದ ಕಲ್ಲಿನ ಆಸನದ ಮೇಲೆ. ಹೊಸದಾಗಿ ಬಂದ ಪೀಠಾಧಿಪತಿಗಳನ್ನು ಇಂದಿಗೂ ಅದರ ಮೇಲೆಯೇ ಕುಳ್ಳಿರಿಸುತ್ತಾರೆ. ಅದನ್ನು ಕುರಿತು ಬರೆಯುವಾಗಲೂ ಕನ್ನಡದಲ್ಲಿ ಗದ್ದುಗೆಯೆಂದೇ ಬರೆಯಬೇಕಾಗುತ್ತದೆ. ವಾಚಕನು ಇಲ್ಲಿ ಯಾವ ಗದ್ದುಗೆಯೆಂದು ಒಂದು ಕ್ಷಣ ನಿಂತು ಯೋಚಿಸಿದರೆ ಅದರಿಂದ ನಷ್ಟವೇನೂ ಇಲ್ಲ.